ಮಧುಮೇಹವೂ ಹಣ್ಣಿನ ಲೆಕ್ಕವೂ

ವೈಶಾಖ ಬಂದೊಡನೆ ಮುಂಬಯಿಯ ಮನೆಗಳಲ್ಲಿ ಆಪೂಸು ಮಾವಿನ ಪರಿಮಳ ತುಂಬುವುದು. ಅದರೊಡನೆ ಒಂದು ಸಣ್ಣ ವ್ಯಾಜ್ಯವೂ ಹುಟ್ಟುವುದುಂಟು. ಮಧುಮೇಹವುಳ್ಳ ಅಜ್ಜಿಯವರು ಒಂದು ಹೋಳು ಬೇಡುವರು. “ನಿಮಗೆ ಹಣ್ಣು ಆಗದು” ಎಂದು ಮನೆಯವರು ತಟ್ಟೆಯನ್ನು ಸರಿಸುವರು. ಕನಿಕರಗೊಂಡ ಮೊಮ್ಮಕ್ಕಳಾದ ನಾವು ಗುಟ್ಟಾಗಿ ತಂದುಕೊಡುವೆವು. ಇದರಲ್ಲಿ ಯಾರ ನಡತೆ ಸರಿ? ವಿಚಾರಿಸೋಣ.

ಅನ್ನ, ಚಪಾತಿ, ರಾಗಿ, ಆಲೂಗಡ್ಡೆ, ಹಣ್ಣು ಇವೆಲ್ಲವುಗಳಲ್ಲಿಯೂ ಶರ್ಕರಪಿಷ್ಟವಿದೆ. ಅದು ಜೀರ್ಣವಾಗಿ ಬಹುಪಾಲು ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತವನ್ನು ಸೇರುವುದು. ಆ ಸಕ್ಕರೆಯನ್ನು ದೇಹವು ಬಳಸಿಕೊಳ್ಳಲು ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟುವ ಇನ್ಸುಲಿನ್ ಬೇಕು. ಇನ್ಸುಲಿನ್ ಸಾಲದಿದ್ದರೆ, ಅಥವಾ ದೇಹವು ಅದಕ್ಕೆ ಸರಿಯಾಗಿ ಓಗೊಡದಿದ್ದರೆ, ರಕ್ತದಲ್ಲಿ ಸಕ್ಕರೆ ಏರುವುದು. ಇದೇ ಮಧುಮೇಹ. ಬಹುಕಾಲ ಹತೋಟಿ ತಪ್ಪಿದರೆ ಕಣ್ಣು, ಮೂತ್ರಪಿಂಡ, ಹೃದಯ, ನರಗಳಿಗೆ ಕೇಡು ತಪ್ಪದು.

1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇನ್ಸುಲಿನ್ನನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ ಬಾಲಕನಿಗೆ ಅದನ್ನು ಚುಚ್ಚಿದರು. ಸಾವಿನ ಅಂಚಿನಲ್ಲಿದ್ದ ಅವನು ಚೇತರಿಸಿಕೊಂಡನು. ಬ್ಯಾಂಟಿಂಗರ ಜನ್ಮದಿನವಾದ ನವೆಂಬರ್ 14 ಇಂದು ವಿಶ್ವ ಮಧುಮೇಹ ದಿನ. ನಮ್ಮ ಮಕ್ಕಳ ದಿನವೂ ಅದೇ ಅಲ್ಲವೆ?

ಈಗ ಲೆಕ್ಕಕ್ಕೆ ಬರೋಣ. 100 ಗ್ರಾಂ ಮಾವಿನ ತಿರುಳಿನಲ್ಲಿ ಸುಮಾರು 15 ಗ್ರಾಂ ಶರ್ಕರಪಿಷ್ಟವಿದೆ. ಅರ್ಧ ಬಾಳೆಹಣ್ಣಿನಲ್ಲಿಯೂ, 200 ಗ್ರಾಂ ಕಲ್ಲಂಗಡಿಯಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಒಂದು ದೊಡ್ಡ ಬಟ್ಟಲು ಅನ್ನದಲ್ಲಿಯಾದರೋ ಸುಮಾರು 45 ಗ್ರಾಂ! ಹಣ್ಣನ್ನು ಶತ್ರುವೆಂದು ದೂಡಿ ಅನ್ನವನ್ನು ಎರಡೆರಡು ಸಲ ಬಡಿಸುವುದು ಎಂತಹ ವಿವೇಕ? ವೈದ್ಯರು ಹೇಳಿದ ಮಿತಿಯೊಳಗೆ, ಊಟದ ಒಂದು ಪಾಲನ್ನು ಕಡಿಮೆ ಮಾಡಿ ಒಂದು ಹೋಳು ಹಣ್ಣು ತಿನ್ನಲಡ್ಡಿಯಿಲ್ಲ. ಆದರೆ ಗುಟ್ಟಾಗಿ ತಿಂದುದು ಯಾರ ಲೆಕ್ಕಕ್ಕೂ ಸೇರದು, ಅದೇ ಅಪಾಯ.

ಹಣ್ಣನ್ನು ಅಗಿದೇ ತಿನ್ನಬೇಕು. ಪೇರಳೆಯಂತಹ ಹಣ್ಣಿನ ನಾರು ಸಕ್ಕರೆಯು ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುವುದು. ಹಿಂಡಿ ಸೋಸಿದ ರಸದಲ್ಲಿ ನಾರು ಉಳಿಯದು. ಮೂರು ಕಿತ್ತಳೆಯ ಸಕ್ಕರೆ ಒಂದೇ ಗುಟುಕಿಗೆ ಒಳಸೇರುವುದು.

ಆದರೆ ಆ ರಸವೇ ಪ್ರಾಣ ಕಾಯುವ ಸಮಯವೂ ಉಂಟು. ಇನ್ಸುಲಿನ್ ತೆಗೆದುಕೊಳ್ಳುವ ಸಹಪಾಠಿಯೊಬ್ಬನು ಆಟದ ನಡುವೆ ಬೆವರಿ, ನಡುಗಿ, ಮಾತು ತೊದಲಿದರೆ ರಕ್ತದ ಸಕ್ಕರೆ ಅತಿಯಾಗಿ ಇಳಿದಿರಬಹುದು. ಆಗ “ನಿನಗೆ ಸಿಹಿ ಕೂಡದು” ಎನ್ನಬಾರದು. ಮೂರು-ನಾಲ್ಕು ಚಹಾಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ, ಅಥವಾ ಅರ್ಧ ಲೋಟ ಹಣ್ಣಿನ ರಸವನ್ನು ಕೂಡಲೆ ಕೊಡಬೇಕು, ಗುರುಗಳನ್ನು ಕರೆಯಬೇಕು. 15 ನಿಮಿಷಗಳಲ್ಲಿ ಗುಣ ಕಾಣದಿದ್ದರೆ ಮತ್ತೆ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಲಾಗದು. ತಡಮಾಡದೆ ವೈದ್ಯರ ನೆರವು ಪಡೆಯಬೇಕು.

ಆದುದರಿಂದ, ಮಿತ್ರರೇ, ಬರಿಯ ನಿಷೇಧವೂ ಬೇಡ, ಗುಟ್ಟಿನ ಕನಿಕರವೂ ಬೇಡ. ಮುಂದಿನ ವೈಶಾಖದಲ್ಲಿ ಅಜ್ಜಿಯವರ ತಟ್ಟೆಯಲ್ಲಿ ಅನ್ನವನ್ನು ಒಂದು ಹಿಡಿ ತಗ್ಗಿಸಿ, ಎಲ್ಲರೆದುರಿಗೇ ಒಂದು ಹೋಳು ಮಾವನ್ನು ಇಡೋಣ. ಗಣಿತದ ತರಗತಿಯಲ್ಲಿ ಕಲಿತ ಲೆಕ್ಕವು ಮನೆಯ ಊಟದಲ್ಲಿ ಉಪಯೋಗಕ್ಕೆ ಬರಲಿ.