ಕೊರೊನಾ ಭಯ ಮತ್ತು ಬೀಡಿ ಚಟ



2020ರ ಮಾರ್ಚ್ ಕೊನೆಯಲ್ಲಿ ದೇಶವೇ ಬಂದ್ ಆಯಿತು. ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಗುಟ್ಕಾ, ತಂಬಾಕು ಮಾರಾಟವನ್ನೂ, ಎಲ್ಲೆಂದರಲ್ಲಿ ಉಗುಳುವುದನ್ನೂ ನಿಷೇಧಿಸಿತು. ಗೋಣಿಬೀಡಿನ ಸುತ್ತಮುತ್ತ ಬೀಡಿ ಸಿಗುವುದೇ ಕಷ್ಟವಾಯಿತು. "ನಮ್ಮನೆಯವ್ರು ಬೀಡಿ ಬಿಟ್ಟೇಬಿಟ್ರು ಸಿಸ್ಟರ್" ಎಂದು ಹಲವರು ಖುಷಿಪಟ್ಟು ಹೇಳಿದಿರಿ. ಆದರೆ ಅಂಗಡಿ ತೆರೆದ ಮೇಲೆ ಬೆಂಕಿಪೊಟ್ಟಣ ಮತ್ತೆ ಜೇಬಿಗೆ ಬಂತು. ಯಾಕೆ ಹೀಗಾಯಿತು? ಈ ಪಾಠದಲ್ಲಿ ನೋಡೋಣ.

ಸಿಗಲಿಲ್ಲವೆಂದು ನಿಲ್ಲಿಸುವುದು ಬೇರೆ, ಬೇಡವೆಂದು ಬಿಡುವುದು ಬೇರೆ. ಬೇಡವೆಂದು ಬಿಟ್ಟವರೂ ಇದ್ದರು. ರೋಗ ಎದೆಗೇ ಹೊಡೆಯುತ್ತದೆ, ಬೀಡಿ ಸೇದಿದ ಎದೆ ತಡೆಯಲಿಕ್ಕಿಲ್ಲ ಎಂಬ ಹೆದರಿಕೆ ಅವರಿಗೆ. ಆ ಹೆದರಿಕೆ ಸುಳ್ಳಲ್ಲ. ಸೇದುವವರಿಗೆ ಕೊರೊನಾ ಬಂದರೆ ಅದು ತೀವ್ರವಾಗುವ ಸಂಭವ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲೇ ಹೇಳಿತ್ತು. ಒಂದೇ ಬೀಡಿಯನ್ನು ಇಬ್ಬರು ಮೂವರು ಸೇದಿದರೆ ಎಂಜಲಿನಿಂದ ಸೋಂಕು ದಾಟುವ ಅಪಾಯ ಬೇರೆ.

ಇನ್ನು ಕೆಲವರಿಗೆ ಅದೇ ಭಯ ಉಲ್ಟಾ ಕೆಲಸ ಮಾಡಿತು. ಕೂಲಿ ಇಲ್ಲ, ಸಾಲದ ಕಂತಿನ ಚಿಂತೆ, ಮನೆಯಲ್ಲೇ ಕೂರಬೇಕು. ತಲೆಬಿಸಿ ಆದಷ್ಟೂ ಬೀಡಿ ಜಾಸ್ತಿ. ಲೈನ್ ಮನೆಯ ಒಂದೇ ಕೋಣೆಯಲ್ಲಿ, ಮಳೆಗೆ ಬಾಗಿಲು ಮುಚ್ಚಿ ಸೇದಿದರೆ ಹೊಗೆ ಎಲ್ಲಿಗೆ ಹೋಗಬೇಕು? ಮಕ್ಕಳ ಎದೆಗೇ ಅಲ್ಲವೇ? ಬೇರೆ ದೇಶಗಳಲ್ಲೂ ಹೀಗೇ, ಕೆಲವರು ಬಿಟ್ಟರು, ಕೆಲವರು ಹೆಚ್ಚು ಮಾಡಿದರು.

ಹೊಗೆಗೆ ರೋಗಾಣು ಸಾಯುತ್ತದೆ ಎಂಬ ಮಾತೂ ಹಬ್ಬಿತ್ತು. ಓದಿದವರ ದೇಶವೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ. ನಿಕೋಟಿನ್ ಕೊರೊನಾ ತಡೆದೀತೇನೋ ಎಂದು ಫ್ರಾನ್ಸಿನ ಸಂಶೋಧಕರು ಊಹಿಸಿದ ಸುದ್ದಿ 2020ರ ಏಪ್ರಿಲ್‌ನಲ್ಲಿ ಬಂತು. ಜನ ಮುಗಿಬೀಳಬಾರದೆಂದು ಅಲ್ಲಿನ ಸರ್ಕಾರ ನಿಕೋಟಿನ್ ಪಟ್ಟಿಗಳ ಮಾರಾಟಕ್ಕೆ ಮಿತಿ ಹಾಕಿತು! ಬಿಡಲು ಮನಸ್ಸಿಲ್ಲದವರಿಗೆ ಇಂಥ ಸುದ್ದಿ ಬೇಗ ರುಚಿಸುತ್ತದೆ.

ಭಯಕ್ಕೆ ಆಯಸ್ಸು ಕಡಿಮೆ. ಕೊರೊನಾ ಹತ್ತು ಹದಿನಾಲ್ಕು ದಿನದಲ್ಲಿ ಕಣ್ಣೆದುರಿಗೆ ಬಂದು ನಿಲ್ಲುವ ರೋಗ, ಹಾಗಾಗಿ ಹೆದರಿದೆವು. ಬೀಡಿ ತರುವ ಕ್ಯಾನ್ಸರ್‌ಗೆ ಇಪ್ಪತ್ತು ಮೂವತ್ತು ವರ್ಷ ಬೇಕು. ಅಷ್ಟು ದೂರದ್ದು ಮನಸ್ಸಿಗೆ ನಾಟುವುದಿಲ್ಲ. 'ನಮ್ಮಜ್ಜ ತೊಂಬತ್ತರವರೆಗೆ ಸೇದಿದ್ರು' ಅನ್ನುತ್ತಾರೆ. ಐವತ್ತಕ್ಕೇ ಹೋದ ಅಜ್ಜಂದಿರ ಲೆಕ್ಕ ಯಾರೂ ಇಡುವುದಿಲ್ಲ. ಅಪಾಯ ಗೊತ್ತಾಗಿ, ಬಿಡುವ ದಾರಿ ಗೊತ್ತಾಗದಿದ್ದರೆ ಮನುಷ್ಯ ಆ ಮಾತನ್ನೇ ಕೇಳದ ಹಾಗೆ ಕಿವಿ ಮುಚ್ಚಿಕೊಳ್ಳುತ್ತಾನೆ. ಆದ್ದರಿಂದ ಗಂಡಂದಿರಿಗೆ 'ಸಾಯ್ತೀರಿ' ಎಂದು ದಿನಾ ಬೈಯುವುದು ನಮ್ಮ ಅಭಿಪ್ರಾಯದಲ್ಲಿ ವ್ಯರ್ಥ.

ದಾರಿ ಇದೆ. ಚಟದ ಸೆಳೆತ ಒಮ್ಮೆ ಎದ್ದರೆ ಕೆಲವು ನಿಮಿಷ ಇರುತ್ತದೆ, ಆಮೇಲೆ ಇಳಿಯುತ್ತದೆ. ಆ ಹೊತ್ತಿಗೆ ನೀರು ಕುಡಿಯಲಿ, ಏಲಕ್ಕಿಯೋ ಲವಂಗವೋ ಬಾಯಿಗೆ ಹಾಕಲಿ, ಎದ್ದು ನಾಲ್ಕು ಹೆಜ್ಜೆ ನಡೆಯಲಿ. ಮೊದಲ ವಾರ ಸಿಟ್ಟು, ನಿದ್ದೆಗೇಡು, ತಲೆನೋವು ಬರುತ್ತದೆ. ಅದು ನಿಕೋಟಿನ್ ಇಲ್ಲದ್ದಕ್ಕೆ, ನಿಮ್ಮ ಮೇಲಿನ ಕೋಪಕ್ಕಲ್ಲ. ಆ ವಾರ ಮನೆಯಲ್ಲಿ ಜಗಳ ಬೇಡ. 1800-11-2356ಕ್ಕೆ ಕರೆ ಮಾಡಿದರೆ ಬಿಡಲು ಸಲಹೆ ಸಿಗುತ್ತದೆ, ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರವಿದೆ.

ಒಂದು ಮಾತು ನಮಗೇ. 2016-17ರ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಸೇದುವವರಿಗಿಂತ ಅಗಿಯುವವರೇ ಹೆಚ್ಚು, ಸುಮಾರು ಎರಡು ಪಟ್ಟು. ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕಿಕೊಂಡೇ ಕಾಫಿ ಕೊಯ್ಯುವ ಕೈಗಳು ನಮ್ಮ ಸಂಘಗಳಲ್ಲೂ ಇವೆ. 'ನಾನು ಸೇದಲ್ವಲ್ಲ' ಎಂದರೆ ಬಾಯಿ ಕ್ಯಾನ್ಸರ್ ಬಿಡುವುದಿಲ್ಲ.

ಮುಂದಿನ ಸಭೆಯಲ್ಲಿ ಚರ್ಚಿಸಿರಿ: ಕೊರೊನಾ ಕಾಲದಲ್ಲಿ ನಮ್ಮ ಮನೆಯಲ್ಲಿ ಯಾರು ಬಿಟ್ಟರು, ಯಾರು ಮತ್ತೆ ಶುರು ಮಾಡಿದರು, ಯಾಕೆ? ದಿನಕ್ಕೆ 20 ರೂಪಾಯಿ ಎಂದರೆ ವರ್ಷಕ್ಕೆ 7,300 ರೂಪಾಯಿ. ನಿಮ್ಮ ಮನೆಯ ಲೆಕ್ಕವನ್ನು ಉಳಿತಾಯದ ಪುಸ್ತಕದ ಪಕ್ಕ ಬರೆದು ತನ್ನಿರಿ.