ಹಳತು ಹೊಸತುಗಳ ಸಹವಾಸ: ಗಣಕಯಂತ್ರದಲ್ಲಿ ಹಿಂದಿನ ಆವೃತ್ತಿಗಳ ರಕ್ಷಣೆ

ಹೊಸ ಮನೆಗೆ ಹೋಗುವವರು ಹಳೆಯ ಮನೆಯ ಬೀಗದ ಕೈಯನ್ನು ಅಂದೇ ಬಿಸುಡುವುದಿಲ್ಲ. ಅಟ್ಟದ ಮೇಲೆ ಏನೇನು ಉಳಿದಿದೆಯೆಂಬುದು ಮೊದಲ ದಿನವೇ ತಿಳಿಯುವಂಥದಲ್ಲ. ಲೋಕವ್ಯವಹಾರದಲ್ಲಿ ಸಹಜವಾಗಿರುವ ಈ ವಿವೇಕವು ಗಣಕಯಂತ್ರದ ವಿಷಯದಲ್ಲಿ ಮಾತ್ರ ಅನೇಕ ವೇಳೆ ಮರೆತುಹೋಗುತ್ತದೆ. ಅದರಿಂದ ಒದಗುವ ನಷ್ಟವನ್ನೂ ಅದರ ಪರಿಹಾರವನ್ನೂ ಅರಿತುಕೊಳ್ಳುವುದು ವಿದ್ಯಾಸಂಸ್ಥೆಗಳಿಗೆ ಅವಶ್ಯಕ.

ಚಾಮರಾಜಪೇಟೆಯ ಒಂದು ಶಾಲೆಯ ಕಚೇರಿಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. 2006ರಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನು ದಾಖಲಾತಿ ಮತ್ತು ಅಂಕಗಳ ಲೆಕ್ಕಕ್ಕಾಗಿ ಸಣ್ಣದೊಂದು ತಂತ್ರಾಂಶವನ್ನು ಬರೆದುಕೊಟ್ಟನು. ಹತ್ತು ವರ್ಷಗಳ ವಿವರ ಅದರಲ್ಲಿ ಸೇರಿತು. ಮುಂದೆ ಉದಾರಿಗಳೊಬ್ಬರು ಹೊಸ ಯಂತ್ರವನ್ನು ದಾನವಿತ್ತರು. ಕಡತಗಳೆಲ್ಲ ಅದಕ್ಕೆ ವರ್ಗವಾದುವು. ಹಳೆಯ ಯಂತ್ರ ಗುಜರಿಗೆ ಹೋಯಿತು. ಆದರೆ ತಂತ್ರಾಂಶ ತೆರೆಯಲೊಲ್ಲದು. ಕಡತ ಕಣ್ಣೆದುರಿಗಿದೆ, ಓದುವ ಬಗೆಯಿಲ್ಲ. ದೂರದೇಶದಿಂದ ದಾಖಲಾತಿ ವಿವರ ಕೇಳಿ ಬರೆದ ವಿದ್ಯಾರ್ಥಿಗೆ ಗುಮಾಸ್ತರು ಏನೆಂದು ಉತ್ತರಿಸಬೇಕು?

ಇದರ ಕಾರಣ ಸರಳವಾದುದು. ಯಾವ ತಂತ್ರಾಂಶವೂ ತನಗೆ ಬೇಕಾದ ಸಕಲ ಸಾಮಗ್ರಿಯನ್ನೂ ಹೊತ್ತು ತರುವುದಿಲ್ಲ. ಊರೂರು ತಿರುಗುವ ನಾಟಕದ ಕಂಪೆನಿ ಮಾತು, ವೇಷ, ಪಾತ್ರಧಾರಿಗಳನ್ನು ತರುತ್ತದೆ. ರಂಗಮಂದಿರ, ದೀಪ, ಆಸನ ಆಯಾ ಊರಿನದು. ಹಾಗೆಯೇ ತಂತ್ರಾಂಶವು ತನ್ನ ಆದೇಶಗಳನ್ನಷ್ಟೆ ತರುತ್ತದೆ. ಅವುಗಳನ್ನು ನಡೆಸಿಕೊಡುವ ಸಾಮಾನ್ಯ ವ್ಯವಸ್ಥೆ ಯಂತ್ರದಲ್ಲಿ ಮೊದಲೇ ಇರಬೇಕು. ಇದಕ್ಕೆ ರನ್‌ಟೈಮ್ ಎಂದು ಹೆಸರು. ಹಳೆಯ ರಂಗಕ್ಕೆ ಹೊಂದಿಸಿ ರಚಿಸಿದ ನಾಟಕವು ಹೊಸ ರಂಗದಲ್ಲಿ ನಿಂತುಹೋಗುವಂತೆ, ಹಿಂದಿನ ರನ್‌ಟೈಮನ್ನು ನೆಚ್ಚಿದ ತಂತ್ರಾಂಶವು ಹೊಸದೊಂದೇ ಇರುವ ಯಂತ್ರದಲ್ಲಿ ನಿಂತುಹೋಗುತ್ತದೆ.

ಮೊದಲು ತೊಂದರೆ ಇನ್ನೂ ಹೆಚ್ಚಾಗಿತ್ತು. ಹಲವು ತಂತ್ರಾಂಶಗಳು ಒಂದೇ ಹೆಸರಿನ ಕಡತವನ್ನು ಹಂಚಿಕೊಳ್ಳುತ್ತಿದ್ದುವು. ಹೊಸದಾಗಿ ಬಂದದ್ದು ಆ ಕಡತದ ಮೇಲೆ ತನ್ನ ಆವೃತ್ತಿಯನ್ನು ಬರೆದರೆ, ನಿನ್ನೆಯವರೆಗೆ ನೆಟ್ಟಗಿದ್ದ ಇನ್ನೊಂದು ಇಂದು ಕೆಡುತ್ತಿತ್ತು. ಮೈಕ್ರೋಸಾಫ್ಟ್ ಸಂಸ್ಥೆಯು 2002ರಲ್ಲಿ ಹೊರತಂದ ಡಾಟ್‌ನೆಟ್ ವ್ಯವಸ್ಥೆಯು ಇದಕ್ಕೆ ಒಂದು ಪರಿಹಾರವನ್ನು ತೋರಿತು. ಪ್ರತಿಯೊಂದು ಮುಖ್ಯ ಆವೃತ್ತಿಗೂ ಅದರ ಸಂಖ್ಯೆಯನ್ನೇ ಹೆಸರಾಗಿ ಹೊತ್ತ ಬೇರೆ ಬೇರೆ ಕೋಶ. ತಾನು ಯಾವುದಕ್ಕಾಗಿ ರಚಿತವಾಯಿತೆಂದು ತಂತ್ರಾಂಶವೇ ಸೂಚಿಸುತ್ತದೆ. 2005ರ 2.0 ಮತ್ತು 2010ರ 4.0 ಆವೃತ್ತಿಗಳು ಒಂದೇ ಯಂತ್ರದಲ್ಲಿ ಅಕ್ಕಪಕ್ಕದಲ್ಲಿ ಬಾಳಬಲ್ಲುವು. 2007ರ 3.5ನ್ನು ಅಳವಡಿಸಿದರೆ 2.0 ಮತ್ತು 3.0 ಅದರೊಡನೆಯೇ ಬರುತ್ತವೆ. ಆದರೆ 4.5 ಮೊದಲುಗೊಂಡು 4.8ರವರೆಗಿನವು 4.0ರ ಸ್ಥಾನವನ್ನೇ ಆಕ್ರಮಿಸುತ್ತವೆ. ಅವು ಜೊತೆಯಲ್ಲಿ ನಿಲ್ಲುವುವಲ್ಲ. ವಿಂಡೋಸ್ 8 ಮತ್ತು 10ರಲ್ಲಿ 3.5 ತಾನಾಗಿ ಜಾಗೃತವಾಗಿರುವುದಿಲ್ಲ. ವಿಂಡೋಸ್ ಸೌಲಭ್ಯಗಳ ಪಟ್ಟಿಯಲ್ಲಿ ಅದನ್ನು ಆರಿಸಬೇಕು. ಮೇಲಿನ ಉದಾಹರಣೆಯ ಶಾಲೆಗೆ ಅಷ್ಟೇ ಸಾಕಾಗುತ್ತಿದ್ದಿರಬಹುದು.

1998ರ ವಿಷುಯಲ್ ಬೇಸಿಕ್ 6ರ ಕತೆ ಬೇರೆ. ಅದರ ರಚನಾಸಾಧನಕ್ಕೆ 2008ರಲ್ಲಿ ಬೆಂಬಲ ನಿಂತರೂ, ಅದರ ರನ್‌ಟೈಮ್ ವಿಂಡೋಸ್‌ನೊಡನೆ ಮುಂದುವರಿಯಿತು. ಆದುದರಿಂದ ಆ ಕಾಲದ ಎಷ್ಟೋ ಲೆಕ್ಕದ ತಂತ್ರಾಂಶಗಳು ಇನ್ನೂ ಉಸಿರಾಡುತ್ತಿವೆ. ಅದಕ್ಕೂ ಹಿಂದಿನ ಡಾಸ್ ಕಾಲದವು 64 ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ನಡೆಯಲಾರವು. ಪೈಥಾನ್ ಭಾಷೆಯಲ್ಲಿ 2008ರ ಮೂರನೆಯ ಆವೃತ್ತಿಯು ಎರಡನೆಯದಕ್ಕೆ ಹೊಂದಲಿಲ್ಲ. ಎರಡೂ ಜೊತೆಜೊತೆಯಾಗಿ ನಡೆದು, 2020ರ ಜನವರಿ 1ರಂದು ಎರಡನೆಯದರ ಪೋಷಣೆ ನಿಂತಿತು.

ಕನ್ನಡಿಗರಿಗೆ ಈ ಸಮಸ್ಯೆಯ ಇನ್ನೊಂದು ಮುಖ ಹೆಚ್ಚು ಪರಿಚಿತ. ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ 1998ರಲ್ಲಿ ಹೊರಬಂದಿತು. ಚಾಮರಾಜಪೇಟೆಯ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶವು ಸರ್ಕಾರಿ ಕಚೇರಿಗಳಲ್ಲಿ ಬಳಕೆಗೆ ಬಂದಿತು, ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಅದರ ಆಧಾರ. ಅಂದಿನ ಕಡತಗಳಲ್ಲಿ ಇರುವುದು ವಾಸ್ತವವಾಗಿ ಕನ್ನಡದ ಸಂಕೇತವಲ್ಲ; ಲ್ಯಾಟಿನ್ ಅಕ್ಷರಗಳ ಸಂಕೇತಸಂಖ್ಯೆಗಳು. ಅವುಗಳ ಮೇಲೆ ಕನ್ನಡದ ರೂಪವನ್ನು ತೊಡಿಸುವುದು ಫಾಂಟು. ಫಾಂಟು ಕಳೆದರೆ ಪುಟವೆಲ್ಲ ಅರ್ಥವಿಲ್ಲದ ವಿದೇಶೀ ಅಕ್ಷರಗಳ ರಾಶಿ. ಯೂನಿಕೋಡ್ 1991ರಿಂದಲೇ ಕನ್ನಡಕ್ಕೆ ಸ್ವಂತ ಸಂಖ್ಯೆಗಳನ್ನು ಕೊಟ್ಟಿದ್ದಿತು. 2001ರ ವಿಂಡೋಸ್ ಎಕ್ಸ್‌ಪಿಯು ತುಂಗಾ ಫಾಂಟಿನೊಡನೆ ಬಂದಿತು. ಆದರೂ ಬಸವನಗುಡಿ, ಮಲ್ಲೇಶ್ವರಗಳ ಡಿ.ಟಿ.ಪಿ. ಅಂಗಡಿಗಳಲ್ಲಿ ಹಳೆಯ ಪದ್ಧತಿ ಬಹುಕಾಲ ನಡೆಯಿತು. ಎಷ್ಟೋ ಸ್ಮರಣಸಂಚಿಕೆಗಳ ಮೂಲಪ್ರತಿ ಇಂದಿಗೂ ಆ ರೂಪದಲ್ಲಿಯೇ ಇದೆ.

ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳಿವೆ. ಆದರೆ ಪರಿವರ್ತನೆ ನಿರ್ದುಷ್ಟವಾಗಿರುವುದೆಂದು ನೆಚ್ಚುವಂತಿಲ್ಲ. ಅರ್ಕಾವತ್ತನ್ನು ಹಳೆಯ ಕಡತವು ವ್ಯಂಜನದ ಅನಂತರ ಇರಿಸುತ್ತದೆ. ಯೂನಿಕೋಡಿನಲ್ಲಿ ರೇಫ ಮೊದಲು ಬರಬೇಕು. ಈ ಸ್ಥಾನಪಲ್ಲಟ ತಪ್ಪಿದರೆ ಪದ ಕೆಡುತ್ತದೆ. ನಡುವೆ ಇಂಗ್ಲಿಷ್ ಪದವಿದ್ದರೆ ಅದರ ಸಂಕೇತವೂ ಅದೇ ಆದುದರಿಂದ, ಫಾಂಟಿನ ಭೇದವನ್ನು ಗಮನಿಸದ ಸಾಧನವು ಅದನ್ನೂ ಅರ್ಥಹೀನ ಕನ್ನಡವಾಗಿಸುತ್ತದೆ. ಹೀಗಾಗಿ ಪರಿವರ್ತಿತ ಪಾಠವನ್ನು ಮೂಲದೊಡನೆ ಹೋಲಿಸಿ ತಿದ್ದುವವರೆಗೆ ಹಳೆಯ ತಂತ್ರಾಂಶವೂ ಫಾಂಟೂ ಬದುಕಿರಲೇಬೇಕು. ಹಳತನ್ನು ಉಳಿಸುವುದು ಹೊಸತಿಗೆ ವಿರೋಧವಲ್ಲ. ಹೊಸತಿಗೆ ದಾಟುವ ಸೇತುವೆ ಅದು.

ಆದರೆ ಉಳಿಸುವಿಕೆಗೂ ಮಿತಿಯುಂಟು. ಪೋಷಣೆ ನಿಂತ ಆವೃತ್ತಿಯಲ್ಲಿ ಕಂಡುಬಂದ ರಂಧ್ರಗಳನ್ನು ಮುಚ್ಚುವವರಿಲ್ಲ. ಅಂಥದನ್ನು ಅಂತರಜಾಲದಿಂದ ದೂರವಿಟ್ಟ ಯಂತ್ರದಲ್ಲಿ, ಅಥವಾ ಹೊಸ ಯಂತ್ರದೊಳಗೇ ಪ್ರತ್ಯೇಕವಾಗಿ ನಿರ್ಮಿಸುವ ಕೃತಕ ಯಂತ್ರದಲ್ಲಿ ಇಡುವುದು ಕ್ಷೇಮ. ನಿತ್ಯದ ಕೆಲಸ ಹೊಸದರಲ್ಲಿ ನಡೆಯಲಿ. ಹಳೆಯದು ಕರೆದಾಗ ಮಾತ್ರ ಬರಲಿ.

ಶಾಲೆಗಳು ಕೈಗೊಳ್ಳಬೇಕಾದ ಕ್ರಮಗಳು ದುಬಾರಿಯಾದುವಲ್ಲ. ಯಾವ ಕಡತ, ಯಾವ ತಂತ್ರಾಂಶ, ಯಾವ ಆವೃತ್ತಿ, ಯಾವ ಫಾಂಟು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಅಳವಡಿಕೆಯ ಮೂಲಪ್ರತಿಗಳನ್ನೂ ಪರವಾನಗಿ ಸಂಖ್ಯೆಗಳನ್ನೂ ಎರಡು ಕಡೆ ರಕ್ಷಿಸಬೇಕು. ಹೊಸ ಯಂತ್ರದಲ್ಲಿ ಪ್ರತಿಯೊಂದು ಹಳೆಯ ಕಡತವೂ ತೆರೆಯುವುದೆಂದು ಕಣ್ಣಾರೆ ಕಂಡ ಮೇಲೆಯೇ ಹಳೆಯದನ್ನು ವಿಲೇವಾರಿ ಮಾಡಬೇಕು. ಯಂತ್ರವನ್ನು ದಾನಮಾಡುವ ಮಹನೀಯರು ಈ ವರ್ಗಾವಣೆಯ ಶ್ರಮಕ್ಕೂ ಕಿಂಚಿತ್ ನೆರವಿತ್ತರೆ ದಾನ ಪೂರ್ಣವಾಗುತ್ತದೆ. ತಂತ್ರಜ್ಞರಾದ ಹಳೆಯ ವಿದ್ಯಾರ್ಥಿಗಳು ರಜೆಯ ಎರಡು ದಿನಗಳನ್ನು ಕೊಟ್ಟರೂ ಆ ಪುಸ್ತಕ ಸಿದ್ಧವಾದೀತು.

ಶಾಲೆಯ ದಾಖಲೆಯೆಂಬುದು ಬರಿಯ ಅಂಕಿಗಳ ಮೊತ್ತವಲ್ಲ. ಒಂದೊಂದು ಸಾಲಿನ ಹಿಂದೆಯೂ ಒಬ್ಬ ಬಾಲಕನೋ ಬಾಲಕಿಯೋ ಇದ್ದಾರೆ. ಎಷ್ಟೋ ವರ್ಷಗಳ ಅನಂತರ ಅವರು ಬಂದು ಕೇಳಿದಾಗ, ಇದೆ ಎಂದು ತೆರೆದು ತೋರಿಸುವ ಶಕ್ತಿ ಶಾಲೆಗಿರಬೇಕು.