ನರ್ಸಿಂಗ್ ಓದಿಗೆ ಒಂದು ವರ್ಷ ಹೆಚ್ಚಾದಾಗ

ಬಂಟ್ವಾಳ–ಮೂಡುಬಿದಿರೆ ರಸ್ತೆಯ ಸಿದ್ಧಕಟ್ಟೆ ಮತ್ತು ಅದರ ಸುತ್ತಣ ಊರುಗಳಲ್ಲಿ ಅಡಿಕೆ, ರಬ್ಬರ್ ಮತ್ತು ಬೀಡಿಯ ಆದಾಯವನ್ನು ನೆಚ್ಚಿಕೊಂಡ ಮನೆಗಳು ಮಕ್ಕಳನ್ನು ಬಿ.ಎಸ್ಸಿ. ನರ್ಸಿಂಗ್‌ಗೆ ಸೇರಿಸುವಾಗ ತಮ್ಮ ಖರ್ಚನ್ನೂ ಸಾಲವನ್ನೂ 4 ವರ್ಷಕ್ಕೆ ಸರಿಯಾಗಿ ಹೊಂದಿಸಿಕೊಂಡಿರುತ್ತವೆ. ವಿದ್ಯಾರ್ಥಿ ಅನುತ್ತೀರ್ಣಳಾಗಿ ಆ ಅವಧಿ 5 ವರ್ಷಕ್ಕೆ ಬೆಳೆದಾಗ ಮನೆಯವರು ಗಾಬರಿಯಲ್ಲಿ ಚಿನ್ನ ಅಡವಿಟ್ಟು ಹಣ ತರುತ್ತಾರೆ, ಇಲ್ಲವೇ ಓದನ್ನೇ ಬಿಡಿಸುತ್ತಾರೆ. ಕಳೆದುಹೋದ ಆ ಒಂದು ವರ್ಷಕ್ಕಿಂತ ಹೆಚ್ಚು ನಷ್ಟ ಈ ಎರಡು ತೀರ್ಮಾನಗಳಿಂದಲೇ ಆಗುತ್ತದೆ.

ಮೊದಲಿಗೆ, ಅನುತ್ತೀರ್ಣತೆಯಿಂದ ವರ್ಷ ಹೋಗಿಯೇ ಹೋಗುತ್ತದೆ ಎಂಬ ತಿಳಿವಳಿಕೆ ಪೂರ್ತಿ ಸರಿಯಲ್ಲ. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಪರಿಷ್ಕರಿಸಿದ ನಿಯಮಗಳ ಪ್ರಕಾರ ಈ ಶಿಕ್ಷಣವು 8 ಸೆಮಿಸ್ಟರ್‌ಗಳದು. ಇಂಗ್ಲಿಷನ್ನು ಬಿಟ್ಟರೆ ಬರಹದ ಪರೀಕ್ಷೆಯಲ್ಲಿಯೂ ಪ್ರಾಯೋಗಿಕ ಪರೀಕ್ಷೆಯಲ್ಲಿಯೂ ಪ್ರತ್ಯೇಕವಾಗಿ ಶೇ. 50 ಅಂಕ ಬೇಕು, ಆದರೆ ಹಿಂದಿನ ವಿಷಯ ಬಾಕಿಯಿದ್ದರೂ ಮುಂದಿನ ಸೆಮಿಸ್ಟರ್‌ನ ತರಗತಿಗೆ ಕುಳಿತುಕೊಳ್ಳಬಹುದು. ಐದನೆಯ ಸೆಮಿಸ್ಟರ್‌ನ ಪರೀಕ್ಷೆ ಬರೆಯುವ ಮುನ್ನ ಹಿಂದಿನದೆಲ್ಲ ಮುಗಿದಿರಬೇಕು. ವರ್ಷ ಕಳೆದುಹೋಗುವುದು ಬಹುತೇಕ ಈ ಕಟ್ಟಿನಲ್ಲಿ, ಅಥವಾ ಹಾಜರಾತಿ ಶೇ. 80ಕ್ಕಿಂತ ಕಡಿಮೆಯಾದಾಗ. ಇಡೀ ಶಿಕ್ಷಣವನ್ನು ಪೂರೈಸಲು 8 ವರ್ಷಗಳ ಗರಿಷ್ಠ ಅವಧಿಯಿದೆ. ಕನ್ನಡ ಮಾಧ್ಯಮದಿಂದ ಬಂದು ಮೊದಲ ಸೆಮಿಸ್ಟರ್‌ನಲ್ಲಿಯೇ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರಗಳನ್ನು ಇಂಗ್ಲಿಷಿನಲ್ಲಿ ಎದುರಿಸುವ ಹುಡುಗಿಗೆ ಈ ಅವಕಾಶ ಬಹಳ ದೊಡ್ಡದು.

ವರ್ಷ ಹೆಚ್ಚಾದಾಗ ಸಾಲದ ಗತಿಯೇನೆಂಬುದನ್ನು ಇಲ್ಲಿ ನಿಧಾನವಾಗಿ ನೋಡಬೇಕು. ಶಿಕ್ಷಣ ಸಾಲದಲ್ಲಿ ಓದಿನ ಅವಧಿಗೆ ಒಂದು ವರ್ಷ ಸೇರಿಸಿ ಕಂತು ಕಟ್ಟುವುದರಿಂದ ವಿನಾಯಿತಿ ಇರುತ್ತದೆ. ಇದನ್ನು ಮೊರಟೋರಿಯಂ ಎನ್ನುತ್ತಾರೆ, ಮತ್ತು ಈ ಅವಧಿಯಲ್ಲಿ ಬಡ್ಡಿಯು ಸರಳ ಬಡ್ಡಿಯಾಗಿ, ಅಂದರೆ ಅಸಲಿನ ಮೇಲೆ ಮಾತ್ರ ಬೆಳೆಯುತ್ತದೆ. ಪ್ರತಿವರ್ಷದ ಆರಂಭದಲ್ಲಿ 1,00,000 ರೂಪಾಯಿಯಂತೆ 4,00,000 ರೂಪಾಯಿಯನ್ನು ಶೇ. 10ರ ಬಡ್ಡಿಗೆ ಪಡೆದಿದ್ದಾರೆಂದು ಭಾವಿಸೋಣ. ಓದು 4 ವರ್ಷದಲ್ಲಿ ಮುಗಿದರೆ ಮೊದಲ ಲಕ್ಷಕ್ಕೆ 5 ವರ್ಷ, ಎರಡನೆಯದಕ್ಕೆ 4, ಮೂರನೆಯದಕ್ಕೆ 3, ಕೊನೆಯದಕ್ಕೆ 2 ವರ್ಷದ ಬಡ್ಡಿ ಬೀಳುತ್ತದೆ. ಒಟ್ಟು 1,40,000 ರೂಪಾಯಿ. ಎರಡು ವರ್ಷ ಮುಗಿದ ಮೇಲೆ ಒಂದು ವರ್ಷ ಹೆಚ್ಚಾಗಿ, ಮೂರನೆಯ ಮತ್ತು ನಾಲ್ಕನೆಯ ಲಕ್ಷಗಳನ್ನು ಅಷ್ಟೇ ತಡವಾಗಿ ಪಡೆದರೆ, ಮೊದಲ ಎರಡು ಲಕ್ಷಗಳಿಗೆ ಕ್ರಮವಾಗಿ 6 ಮತ್ತು 5 ವರ್ಷದ ಬಡ್ಡಿಯಾಗುತ್ತದೆ, ಉಳಿದೆರಡರ ಬಡ್ಡಿ ಬದಲಾಗುವುದಿಲ್ಲ. ಒಟ್ಟು 1,60,000 ರೂಪಾಯಿ. ಹೆಚ್ಚಾದದ್ದು ಕೇವಲ 20,000 ರೂಪಾಯಿ.

ಆದರೆ ಈ ಲೆಕ್ಕ ನಿಲ್ಲಬೇಕಾದರೆ ಬ್ಯಾಂಕಿಗೆ ವಿಷಯ ತಿಳಿದಿರಬೇಕು. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ, ನಿಗದಿತ ಕಾಲದೊಳಗೆ ಓದು ಮುಗಿಯದಿದ್ದರೆ 2 ವರ್ಷಗಳವರೆಗೆ ಅವಧಿ ವಿಸ್ತರಿಸುವ ಅವಕಾಶವಿದೆ. ಅದನ್ನು ಕೇಳಿ ಪಡೆಯಬೇಕು. ಕೇಳದಿದ್ದರೆ ಹಳೆಯ ದಾಖಲೆಯಂತೆ ಐದನೆಯ ವರ್ಷದ ಕೊನೆಗೆ, ವಿದ್ಯಾರ್ಥಿಗೆ ರಾಜ್ಯ ನರ್ಸಿಂಗ್ ಪರಿಷತ್ತಿನ ನೋಂದಣಿಯೂ ಆಗದಿರುವಾಗಲೇ, ಕಂತು ಆರಂಭವಾಗುತ್ತದೆ, ಮತ್ತು ಅದು 90 ದಿನ ಮೀರಿ ಬಾಕಿಯಾದರೆ ಸಾಲವು ಅನುತ್ಪಾದಕ ಆಸ್ತಿಯ, ಅಂದರೆ ವಸೂಲಿಯಾಗದ ಸಾಲದ ಪಟ್ಟಿಗೆ ಸೇರಿ, ಜಂಟಿ ಸಾಲಗಾರನಾದ ತಂದೆಯ ಹೆಸರಿಗೂ ಕಪ್ಪುಚುಕ್ಕೆ ಬರುತ್ತದೆ.

ಮಂಜೂರಾದ ಸಾಲದಲ್ಲಿ ಹೆಚ್ಚುವರಿ ವರ್ಷದ ಶುಲ್ಕ, ಹಾಸ್ಟೆಲ್ ಖರ್ಚು ಸಾಮಾನ್ಯವಾಗಿ ಸೇರಿರುವುದಿಲ್ಲ. ಚಿನ್ನ ಹೊರಗೆ ಹೋಗುವುದು ಇಲ್ಲಿಯೇ. ನೂರಕ್ಕೆ ತಿಂಗಳಿಗೆ ಎರಡೇ ರೂಪಾಯಿ ಎಂದು ಹೇಳಿ ಕೊಡುವ ಖಾಸಗಿ ಫೈನಾನ್ಸಿನ ಬಂಗಾರದ ಸಾಲ ವರ್ಷಕ್ಕೆ ಶೇ. 24ರದು. ಬಡ್ಡಿ ಕಟ್ಟಲಾಗದೆ ಪ್ರತಿವರ್ಷ ಅದನ್ನು ಅಸಲಿಗೆ ಸೇರಿಸಿ ನವೀಕರಿಸುತ್ತ ಹೋದರೆ, 1,00,000 ರೂಪಾಯಿ ಮೂರು ವರ್ಷದಲ್ಲಿ 1,90,662 ರೂಪಾಯಿಯಾಗುತ್ತದೆ. ಬ್ಯಾಂಕಿನ ಹೆಚ್ಚುವರಿ ಬಡ್ಡಿಯ ನಾಲ್ಕು ಪಟ್ಟಿಗೂ ಮಿಕ್ಕಿದ ಈ ಬಡ್ಡಿಯ ಭಾರವನ್ನು ಸುಲಭ ಸಾಲ ಎಂದು ಕರೆಯುವುದು ಅನ್ಯಾಯ. ತಾಯಿಯ ಕರಿಮಣಿ ಹರಾಜಾಗುವ ಸಾಧ್ಯತೆಯಿರುವ ಸಾಲದಲ್ಲಿ ಸುಲಭವಾದದ್ದು ಸಹಿ ಹಾಕುವುದೊಂದೇ. ಚಿನ್ನವನ್ನು ಅಡವಿಡಲೇಬೇಕಾದರೆ ಸಹಕಾರಿ ಸಂಘ ಮತ್ತು ರಾಷ್ಟ್ರೀಕೃತ ಬ್ಯಾಂಕುಗಳ ದರವನ್ನು ಮೊದಲು ಕೇಳಬೇಕು, ಬಡ್ಡಿಯನ್ನು ತಿಂಗಳು ತಿಂಗಳಿಗೆ ಕಟ್ಟಿಬಿಡಬೇಕು.

ಓದನ್ನೇ ಬಿಟ್ಟು ಇನ್ನೊಂದು ಕಾಲೇಜಿನಲ್ಲಿ ಮೊದಲಿನಿಂದ ಆರಂಭಿಸುವುದು ಇದಕ್ಕಿಂತಲೂ ದುಬಾರಿ. ಮೇಲಿನ ಉದಾಹರಣೆಯಲ್ಲಿ ಎರಡು ವರ್ಷಕ್ಕೆ ಪಡೆದ 2,00,000 ರೂಪಾಯಿ ಸಾಲ ಹಾಗೆಯೇ ಉಳಿಯುತ್ತದೆ, ಹೊಸದಾಗಿ ನಾಲ್ಕು ವರ್ಷದ ಶುಲ್ಕ ಬೇಕಾಗುತ್ತದೆ, ಮತ್ತು ಸಂಬಳ ಒಂದರ ಬದಲು ಎರಡು ವರ್ಷ ತಡವಾಗುತ್ತದೆ. ವಾರ್ಷಿಕ ಆದಾಯ 4.5 ಲಕ್ಷದೊಳಗಿನ ಕುಟುಂಬಗಳಿಗಾಗಿ 2009ರಲ್ಲಿ ಆರಂಭವಾದ ಕೇಂದ್ರದ ಬಡ್ಡಿ ಸಹಾಯಧನವು ಓದನ್ನು ನಡುವೆ ಬಿಟ್ಟವರಿಗೆ, ವೈದ್ಯಕೀಯ ಕಾರಣವನ್ನು ಬಿಟ್ಟರೆ, ಸಿಗುವುದಿಲ್ಲ ಎಂಬುದನ್ನೂ ಮರೆಯಬಾರದು.

ಇಷ್ಟಾದರೂ ಹಲವು ಮನೆಗಳಲ್ಲಿ ಫಲಿತಾಂಶವನ್ನು ತಿಂಗಳುಗಟ್ಟಲೆ ಮುಚ್ಚಿಡಲಾಗುತ್ತದೆ. ಮಗಳು ಬೈಗುಳಕ್ಕೆ ಹೆದರಿ ತಂದೆಗೆ ಹೇಳುವುದಿಲ್ಲ, ತಂದೆ ನಾಚಿಕೆಯಿಂದ ಬ್ಯಾಂಕಿಗೆ ಹೇಳುವುದಿಲ್ಲ, ನೆಂಟರಿಗೆ ಹೇಳಬೇಕಾಗುತ್ತದೆಂದು ತಾಯಿ ಕೊರಗುತ್ತಾಳೆ. ಆಂತರಿಕ ಪರೀಕ್ಷೆಯ ಅಂಕಗಳನ್ನು ಪ್ರತಿ ಸೆಮಿಸ್ಟರ್ ಕೇಳುವ, ಕಡಿಮೆ ಬಂದರೆ ಬೈಯದೆ ಕಾರಣ ವಿಚಾರಿಸುವ ಅಭ್ಯಾಸ ಮನೆಯಲ್ಲಿ ಇರಬೇಕು, ಏಕೆಂದರೆ ಹೆದರಿದ ಮಕ್ಕಳು ಹಣದ ವಿಷಯವನ್ನೂ ಮುಚ್ಚಿಡುತ್ತಾರೆ. ಫಲಿತಾಂಶ ಬಂದ ವಾರದಲ್ಲಿಯೇ ಅಂಕಪಟ್ಟಿಯನ್ನೂ, ಓದು ಮುಗಿಯುವ ಹೊಸ ದಿನಾಂಕವನ್ನು ನಮೂದಿಸಿದ ಪ್ರಾಂಶುಪಾಲರ ಪತ್ರವನ್ನೂ ಹಿಡಿದು ತಂದೆ-ಮಗಳು ಒಟ್ಟಿಗೆ ಬ್ಯಾಂಕಿಗೆ ಹೋಗಿ, ಅವಧಿ ವಿಸ್ತರಣೆಯ ಅರ್ಜಿ ಕೊಟ್ಟು, ಅದಕ್ಕೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡೇ ಮನೆಗೆ ಮರಳಬೇಕು.